ಬಿಯರ್ ಗಾರ್ಡನ್‌ಗೆ ಹೋಗುವುದು ಹೇಗೆ? ಮೊದಲು ಮನೆಗೆ ಬರುವ ದಾರಿ ನೋಡಿಕೊಳ್ಳಿ

ಬಯಲಾಟ ನೋಡಿದವರಿಗೆ ಪಾಪ್‌ಅಪ್ ಬಿಯರ್ ಗಾರ್ಡನ್ ಎಂದರೆ ಎಂತ ಎಂದು ವಿವರಿಸುವುದು ಸುಲಭ. ನಿನ್ನೆಯವರೆಗೆ ಬರೀ ಕೊಯ್ಲು ಮುಗಿದ ಗದ್ದೆ. ಇವತ್ತು ಸಂಜೆ ಅಲ್ಲಿ ರಂಗಸ್ಥಳ, ಲೈಟು, ಸಾಲು ಕುರ್ಚಿ, ಬದಿಯಲ್ಲಿ ಚರುಮುರಿ ಗಾಡಿ. ನಾಳೆ ಬೆಳಿಗ್ಗೆ ಹೋದರೆ ಮತ್ತೆ ಅದೇ ಗದ್ದೆ. ಇದೂ ಹಾಗೇ. ಪೇಟೆಯ ಒಂದು ಖಾಲಿ ಜಾಗದಲ್ಲಿ ಎರಡು ಮೂರು ದಿನದ ಮಟ್ಟಿಗೆ ಉದ್ದ ಮೇಜು, ಬೆಂಚು, ಬಲ್ಬಿನ ಸರ, ನಾಲ್ಕೈದು ತಿಂಡಿ ಅಂಗಡಿ, ನಲ್ಲಿಯಿಂದ ಸುರಿಯುವ ಬಿಯರ್. ಭಾನುವಾರ ರಾತ್ರಿ ಎಲ್ಲ ಬಿಚ್ಚಿ ಲಾರಿಗೆ ಹೇರುತ್ತಾರೆ.

ಕಾಸರಗೋಡಿನವರಿಗೆ ಇಂಥದ್ದಕ್ಕೆ ಮಂಗಳೂರೇ ಗತಿ. ಮದುವೆ ಬಟ್ಟೆಗೆ, ಡಾಕ್ಟರಿಗೆ, ಮಕ್ಕಳ ಕಾಲೇಜಿಗೆ ಹೋಗುವ ಅದೇ 50 ಕಿಲೋಮೀಟರ್ ದಾರಿ. ಆದರೆ ನಡುವೆ ರಾಜ್ಯದ ಗಡಿ ಉಂಟಲ್ಲ, ಅದರಿಂದಾಗಿ ಬೆಂಗಳೂರಿನವರು ಕೊಡುವ ಸಲಹೆ ನಮಗೆ ಅರ್ಧ ಮಾತ್ರ ಹೊಂದುತ್ತದೆ. ಅವರು ‘ಯಾವ ಬಿಯರ್ ಕುಡಿಯಬೇಕು’ ಎಂದು ಶುರು ಮಾಡುತ್ತಾರೆ. ನಾವು ‘ವಾಪಸ್ ಬರುವುದು ಹೇಗೆ’ ಎಂದು ಶುರು ಮಾಡಬೇಕು.

ಮೊದಲ ಕೆಲಸ: ವಾಪಸ್ ದಾರಿ

ಸ್ಕೂಟರ್, ಕಾರು ಎರಡನ್ನೂ ಮನೆಯಲ್ಲೇ ಬಿಡಿ. ‘ಒಂದೇ ಪೈಂಟ್ ಅಲ್ವಾ’ ಎನ್ನುವವರಿಗೆ ಲೆಕ್ಕ ಮುಂದೆ ಹೇಳುತ್ತೇನೆ. ನೂರು ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಜಾಸ್ತಿ ಆಲ್ಕೋಹಾಲ್ ಸಿಕ್ಕಿದರೆ ಮೋಟಾರು ವಾಹನ ಕಾಯಿದೆಯ 185ನೇ ಸೆಕ್ಷನ್ ಪ್ರಕಾರ ಕೇಸು. ಮೊದಲ ಸಲವೇ 10,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಈ ಲೆಕ್ಕ ಗಡಿಯ ತಲಪಾಡಿಯ ಆಚೆಗೂ ಒಂದೇ, ಈಚೆಗೂ ಒಂದೇ.

ಉಳಿದದ್ದು ರೈಲು ಮತ್ತು ಬಸ್ಸು. ಹೋಗುವಾಗ ರೈಲು ಚಂದ. ಕಾಸರಗೋಡು, ಕುಂಬಳೆ, ಉಪ್ಪಳ, ಮಂಜೇಶ್ವರ ಎಲ್ಲಿ ಬೇಕಾದರೂ ಹತ್ತಬಹುದು. ಎಕ್ಸ್‌ಪ್ರೆಸ್ ಎಲ್ಲ ಕಡೆ ನಿಲ್ಲುವುದಿಲ್ಲ, ಅದೊಂದು ನೋಡಿಕೊಳ್ಳಿ. ಬರುವಾಗ ಮಾತ್ರ ಮೊದಲೇ ಕೂತು ಸಮಯ ಬರೆದಿಟ್ಟುಕೊಳ್ಳಿ: ನಿಮ್ಮ ಸ್ಟೇಷನ್ನಿನಲ್ಲಿ ನಿಲ್ಲುವ ಕೊನೆಯ ರೈಲು, ಅದು ತಪ್ಪಿದರೆ ಕೊನೆಯ ಬಸ್ಸು, ಅದೂ ತಪ್ಪಿದರೆ ತಲಪಾಡಿವರೆಗೆ ಸಿಟಿ ಬಸ್ಸು ಇದೆಯೋ ಇಲ್ಲವೋ. ತಲಪಾಡಿಯಲ್ಲಿ ಇಳಿದ ಮೇಲೆ ಈಚೆ ಕಡೆಯ ಬಸ್ಸು ಸಿಗಬೇಕಲ್ಲ? ರಾತ್ರಿ ಅಲ್ಲಿ ನಿಂತು ರಿಕ್ಷಾದವರ ಹತ್ತಿರ ಚೌಕಾಸಿ ಮಾಡಿದವನ ಮಾತು ಇದು. ರಿಕ್ಷಾದವರಿಗೆ ನಮ್ಮ ಮುಖ ನೋಡಿದರೇ ಗೊತ್ತಾಗುತ್ತದೆ, ಇವರಿಗೆ ಬೇರೆ ದಾರಿ ಇಲ್ಲ ಎಂದು.

ಆರಾಮವಾಗಿ ಕೂರಬೇಕು ಎಂದಿದ್ದರೆ ಮಂಗಳೂರಿನಲ್ಲೇ ನೆಂಟರ ಮನೆ ನೋಡಿಕೊಳ್ಳಿ. ನಮಗೆಲ್ಲ ಅಲ್ಲಿ ಒಬ್ಬ ಚಿಕ್ಕಮ್ಮನಾದರೂ ಇದ್ದೇ ಇರುತ್ತಾರೆ. ಆದರೆ ಚಿಕ್ಕಮ್ಮನ ಮನೆಗೆ ಬಿಯರ್ ವಾಸನೆ ಹೊತ್ತು ಹೋಗುವ ಧೈರ್ಯ ನಿಮಗೆ ಬಿಟ್ಟದ್ದು. ಕಾರೇ ಬೇಕು ಎಂದಾದರೆ ಕುಡಿಯದ ಒಬ್ಬರನ್ನು ಕರೆದುಕೊಂಡು ಹೋಗಿ, ಅವರ ತಿಂಡಿಯ ಖರ್ಚು ಉಳಿದವರು ಹಾಕಿ. ಇಂಥ ಕಡೆ ಪುನರ್ಪುಳಿ ಸೋಡಾ, ನಿಂಬೆ ಸೋಡಾ ಸಾಮಾನ್ಯವಾಗಿ ಸಿಗುತ್ತವೆ. ‘ಒಂದು ಗುಟುಕು ತೆಗೆದುಕೋ ಮಾರಾಯ’ ಎಂದು ಅವರ ಹಿಂದೆ ಬೀಳಬೇಡಿ.

ತಾರೀಕು, ವಯಸ್ಸು

ಕರಾವಳಿಯಲ್ಲಿ ಬಯಲಾಟಕ್ಕೂ ಬಿಯರ್ ಗಾರ್ಡನ್‌ಗೂ ಒಂದೇ ಸೀಸನ್. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಯಲಲ್ಲಿ ಕೂತರೆ ಗ್ಲಾಸಿನಲ್ಲಿ ಬಿಯರ್‌ಗಿಂತ ಮಳೆನೀರೇ ಜಾಸ್ತಿ. ಡಿಸೆಂಬರ್, ಜನವರಿಯ ಸಂಜೆಗಳು ಒಳ್ಳೆಯವು. ಏಪ್ರಿಲ್‌ನಲ್ಲಿ ಬೆವರು ಒರೆಸುವುದರಲ್ಲೇ ಸಂಜೆ ಕಳೆಯುತ್ತದೆ. ಅಕ್ಟೋಬರ್ 2ರಂದು ಹೊರಡಬೇಡಿ. ಎಲೆಕ್ಷನ್ ಇದ್ದರೆ ಮತದಾನ ಮುಗಿಯುವ 48 ಗಂಟೆ ಮೊದಲಿನಿಂದ ಮದ್ಯ ಮಾರುವಂತಿಲ್ಲ, ಅದನ್ನೂ ನೆನಪಿಡಿ.

ಇನ್ನು ವಯಸ್ಸು. ಕೇರಳದಲ್ಲಿ 23 ತುಂಬಿರಬೇಕು, ಕರ್ನಾಟಕದಲ್ಲಿ 21. ಹಾಗಾಗಿ ಉಪ್ಪಳದ 22ರ ಹುಡುಗ ತನ್ನೂರಲ್ಲಿ ಇನ್ನೂ ಚಿಕ್ಕವನು, ತಲಪಾಡಿ ದಾಟಿದ ಕೂಡಲೇ ದೊಡ್ಡವನು. ಆಧಾರ್ ಅಥವಾ ಲೈಸೆನ್ಸ್ ಜೇಬಲ್ಲಿರಲಿ. ತಲೆ ನರೆತವರಿಗೆ ಯಾರೂ ಕೇಳುವುದಿಲ್ಲ, ನನಗೆ ಕೇಳಿ ಬಹಳ ವರ್ಷವಾಯಿತು.

ಇಂಥ ಕಡೆ ಮದ್ಯ ಮಾರಲು ಅಬಕಾರಿ ಇಲಾಖೆಯ ಲೈಸೆನ್ಸ್ ಬೇಕೇ ಬೇಕು. ಒಂದು ಸಂದರ್ಭದ ಮಟ್ಟಿಗೆ ಕೊಡುವ ತಾತ್ಕಾಲಿಕ ಲೈಸೆನ್ಸಿಗೆ ಕರ್ನಾಟಕದಲ್ಲಿ ಸಿಎಲ್-5 ಎನ್ನುತ್ತಾರೆ. ಬಿಲ್ಲಿಲ್ಲ, ಬೋರ್ಡಿಲ್ಲ, ಬಕೆಟ್ಟಿನಲ್ಲಿ ಬಾಟಲಿ ಇಟ್ಟು ಮಾರುತ್ತಿದ್ದಾರೆ ಎಂದಾದರೆ ಅದು ಬಿಯರ್ ಗಾರ್ಡನ್ ಅಲ್ಲ, ಸುಮ್ನೆ ಹೊರಟುಬಿಡಿ.

ಗೇಟಿನಲ್ಲಿ ಕಾರ್ಡು

ಹೋಗುವ ಮೊದಲು ಹೊಟ್ಟೆಗೆ ಗಟ್ಟಿಯಾಗಿ ಏನಾದರೂ ಹಾಕಿ. ಖಾಲಿ ಹೊಟ್ಟೆಯಲ್ಲಿ ಆಲ್ಕೋಹಾಲ್ ಬೇಗ ರಕ್ತಕ್ಕೆ ಸೇರುತ್ತದೆ. ಮಧ್ಯಾಹ್ನದ ಕುಚ್ಚಲಕ್ಕಿ ಅನ್ನ ಬಿಟ್ಟು ‘ಅಲ್ಲಿ ತಿಂದರಾಯಿತು’ ಎಂದು ಹೋದವರು ಏಳು ಗಂಟೆಗೇ ಎದುರಿನವರ ಹೆಗಲ ಮೇಲೆ ಕೈಹಾಕಿ ಹಳೆಯ ಜಗಳ ನೆನಪಿಸಲು ಶುರು ಮಾಡುತ್ತಾರೆ.

ಕೆಲವು ಕಡೆ ಒಳಗೆ ದುಡ್ಡು ನಡೆಯುವುದಿಲ್ಲ. ಗೇಟಿನಲ್ಲಿ ಕೈಗೊಂದು ಪಟ್ಟಿ ಕಟ್ಟಿ, ಒಂದು ಕಾರ್ಡ್ ಕೊಡುತ್ತಾರೆ. ಅದಕ್ಕೆ ಮೊದಲೇ ದುಡ್ಡು ತುಂಬಬೇಕು. ಅಂಗಡಿಯವರು ಕಾರ್ಡನ್ನು ಮೆಷಿನ್ನಿಗೆ ತಾಗಿಸಿ ಕಡಿತ ಮಾಡಿಕೊಳ್ಳುತ್ತಾರೆ. ಇಲ್ಲಿ ನನಗೊಂದು ಪೆಟ್ಟು ಬಿದ್ದಿದೆ. ಮೊದಲ ಸಲ ಭಾವನ ಜೊತೆ ಹೋದಾಗ ‘ಪದೇಪದೇ ಕ್ಯೂ ನಿಲ್ಲುವುದು ಯಾಕೆ’ ಎಂದು ಒಟ್ಟಿಗೇ 2,000 ರೂಪಾಯಿ ಹಾಕಿಸಿದೆ. ಹೊರಡುವ ಹೊತ್ತಿಗೆ ಕಾರ್ಡಿನಲ್ಲಿ 340 ಉಳಿದಿತ್ತು. ದುಡ್ಡು ವಾಪಸ್ ಕೊಡುವ ಕೌಂಟರಿನ ಮುಂದೆ ನಲವತ್ತು ಜನ. ಕೊನೆಯ ಬಸ್ಸಿಗೆ ಇಪ್ಪತ್ತು ನಿಮಿಷ. ಕಾರ್ಡು ಇವತ್ತಿಗೂ ನನ್ನ ಪರ್ಸಿನಲ್ಲಿದೆ.

ಆದ್ದರಿಂದ ಐನೂರು ಐನೂರಾಗಿ ತುಂಬಿ. ದುಡ್ಡು ವಾಪಸ್ ಕೊಡುತ್ತಾರೋ, ಎಷ್ಟು ಗಂಟೆಯವರೆಗೆ ಎಂದು ಗೇಟಿನಲ್ಲೇ ಕೇಳಿ. ಗ್ಲಾಸಿಗೆ ಡಿಪಾಸಿಟ್ ಇದ್ದರೆ ಅದನ್ನೂ ಕೇಳಿ. ಆ ಗ್ಲಾಸಿನ ಕತೆ ಕೊನೆಗೆ ಬರುತ್ತದೆ.

ಎಲ್ಲಿ ಕೂರುವುದು

ಐದು ಗಂಟೆಗೇ ಹೋದರೆ ಬೇಕಾದ ಜಾಗ ಸಿಗುತ್ತದೆ. ಆದರೆ ಆ ಹೊತ್ತಿಗೆ ಬಿಸಿಲು ಇರುತ್ತದೆ, ಬಿಯರ್‌ಗೂ ಬಿಸಿಲಿಗೂ ಆಗಿಬರುವುದಿಲ್ಲ. ಬಿಸಿಯಾಗುತ್ತದೆ ಎಂಬುದು ಒಂದು ಕಾರಣ. ಇನ್ನೊಂದು ಅನೇಕರಿಗೆ ಗೊತ್ತಿಲ್ಲ: ಬಿಯರ್‌ಗೆ ಕಹಿ ಕೊಡುವ ಹಾಪ್ಸ್ ಹೂವಿನ ಅಂಶ ಬೆಳಕು ತಾಗಿದರೆ ಒಡೆದು ಗಬ್ಬು ವಾಸನೆ ಬಿಡುತ್ತದೆ. ಬಾಟಲಿಗಳು ಕಂದು ಬಣ್ಣ ಇರುವುದು ಅದಕ್ಕೇ. ಪಾರದರ್ಶಕ ಗ್ಲಾಸಿನಲ್ಲಿ ಸುರಿದು ಬಿಸಿಲಲ್ಲಿ ಇಟ್ಟರೆ ಕೆಲವೇ ನಿಮಿಷ ಸಾಕು. ಮರದ ನೆರಳು ಹಿಡಿಯಿರಿ.

ಬಿಯರ್ ಗಾರ್ಡನ್ ಹುಟ್ಟಿದ್ದೂ ನೆರಳಿನಿಂದಲೇ. ಜರ್ಮನಿಯ ಬವೇರಿಯಾದಲ್ಲಿ 16ನೇ ಶತಮಾನದಲ್ಲಿ ಒಂದು ಕಾನೂನು ಬಂತು: ಏಪ್ರಿಲ್ 23ರಿಂದ ಸೆಪ್ಟೆಂಬರ್ 29ರವರೆಗೆ ಬಿಯರ್ ಕಾಯಿಸುವಂತಿಲ್ಲ. ಸೆಕೆಗೆ ಬಿಯರ್ ಕೆಡುತ್ತಿತ್ತು, ಒಲೆಯ ಬೆಂಕಿಯ ಭಯವೂ ಇತ್ತು. ಹಾಗಾಗಿ ಚಳಿಯಲ್ಲಿ ಮಾಡಿದ್ದನ್ನು ಬೇಸಿಗೆಗೆ ನೆಲಮಾಳಿಗೆಯಲ್ಲಿ ಇಡುತ್ತಿದ್ದರು. ಮಾಳಿಗೆ ತಣ್ಣಗಿರಲಿ ಎಂದು ಮೇಲೆ ಜಲ್ಲಿ ಹಾಕಿ ಚೆಸ್ಟ್‌ನಟ್ ಮರ ನೆಟ್ಟರು. ಎಲೆ ಅಗಲ, ಬೇರು ಆಳಕ್ಕೆ ಹೋಗುವುದಿಲ್ಲ. ಮರದ ಕೆಳಗೆ ಬೆಂಚು ಹಾಕಿದ ಮೇಲೆ ಜನ ಬರದೆ ಇರುತ್ತಾರೆಯೇ? ಊರಿನ ಹೋಟೆಲಿನವರಿಗೆ ಹೊಟ್ಟೆಯುರಿ. ಕೊನೆಗೆ 1812ರ ಜನವರಿ 4ರಂದು ದೊರೆ ಒಂದನೇ ಮ್ಯಾಕ್ಸಿಮಿಲಿಯನ್ ರಾಜಿ ಮಾಡಿಸಿದ: ಬಿಯರ್ ಮಾರಿ, ಆದರೆ ಬ್ರೆಡ್ ಬಿಟ್ಟು ಬೇರೆ ತಿಂಡಿ ಮಾರಬೇಡಿ. ಜನ ಮನೆಯಿಂದ ಬುತ್ತಿ ತಂದರು. ಮ್ಯೂನಿಕ್‌ನ ಹಳೆಯ ಗಾರ್ಡನ್‌ಗಳಲ್ಲಿ ಇವತ್ತಿಗೂ ಬುತ್ತಿ ಬಿಚ್ಚಿ ತಿನ್ನಬಹುದು. ನಮ್ಮಲ್ಲಿ ತಿಂಡಿ ಅಂಗಡಿಯವರೂ ಬಾಡಿಗೆ ಕಟ್ಟಿರುತ್ತಾರೆ. ಮನೆಯ ಚಕ್ಕುಲಿ ಡಬ್ಬ ಗೇಟಿನಲ್ಲೇ ಉಳಿಯುತ್ತದೆ.

ಬೆಂಚು ಹಂಚಿಕೊಳ್ಳುವುದು ಇಲ್ಲಿಯ ಪದ್ಧತಿ. ಗುರುತಿಲ್ಲದವರು ಬಂದು ‘ಇಲ್ಲಿ ಯಾರಾದರೂ ಇದ್ದಾರಾ?’ ಎಂದರೆ ಸರಿದು ಕೂರಬೇಕು. ನಮ್ಮೂರಿನ ಶೇಂದಿ ಗಡಂಗಿನಲ್ಲಿ ಮೀನುಸಾರು, ಮರಗೆಣಸಿನ ತಟ್ಟೆ ಮುಂದಿಟ್ಟು ಕೂತವರಿಗೆ ಇದನ್ನು ಕಲಿಸಿಕೊಡಬೇಕಾಗಿಲ್ಲ. ವ್ಯತ್ಯಾಸ ಇಷ್ಟೇ, ಇಲ್ಲಿ ಹೆಂಗಸರೂ ಆರಾಮವಾಗಿ ಕೂತಿರುತ್ತಾರೆ. ಅವರ ಮೇಜಿನ ಕಡೆ ಬಿಟ್ಟಕಣ್ಣು ಬಿಟ್ಟು ನೋಡುವ ಅಭ್ಯಾಸವನ್ನು ಮನೆಯಲ್ಲಿಟ್ಟು ಬನ್ನಿ. ಸ್ಪೀಕರಿನಿಂದ ದೂರ ಕೂತರೆ ಮಾತಾಡಬಹುದು. ಶೌಚಾಲಯದಿಂದ ತೀರಾ ದೂರ ಬೇಡ, ಎರಡನೇ ಗ್ಲಾಸಿನ ಹೊತ್ತಿಗೆ ಅಲ್ಲೂ ಕ್ಯೂ. ಸೊಳ್ಳೆಗೆ ಮುಲಾಮು ಹಚ್ಚಿಕೊಂಡೇ ಹೋಗಿ.

ಏನು ಕೇಳುವುದು

ಕೌಂಟರಿನಲ್ಲಿ ಹತ್ತು ಹೆಸರು ಬರೆದ ಬೋರ್ಡು ನೋಡಿ ಕಂಗಾಲಾಗಬೇಡಿ. ‘ಸ್ವಲ್ಪ ರುಚಿ ನೋಡಬಹುದಾ?’ ಎಂದು ಕೇಳಿ. ಅನೇಕ ಕಡೆ ಚಿಕ್ಕ ಗ್ಲಾಸಿನಲ್ಲಿ ಒಂದು ಗುಟುಕು ಕೊಡುತ್ತಾರೆ, ಇಲ್ಲವೇ ನಾಲ್ಕು ಬಗೆಯನ್ನು ಹಲಗೆಯ ಮೇಲಿಟ್ಟು ಮಾರುತ್ತಾರೆ. ನಾಚಿಕೆ ಬೇಡ. ಮಾವಿನಹಣ್ಣು ತೆಗೆದುಕೊಳ್ಳುವಾಗ ಮೂಸಿ ನೋಡುವುದಿಲ್ಲವೇ?

ಬಾಟಲಿಯಲ್ಲಿ ಕುಡಿದು ಅಭ್ಯಾಸ ಇರುವುದು ಲಾಗರ್. ತಿಳಿ ಹಳದಿ, ಹಗುರ. ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಗೋಧಿ ಬಿಯರ್, ಹೆಫೆವೈಸನ್ ಎಂದು ಬರೆದಿರುತ್ತಾರೆ. ನೋಡಲು ಸ್ವಲ್ಪ ಮಬ್ಬು. ಮೂಗಿನ ಹತ್ತಿರ ಹಿಡಿದರೆ ಬಾಳೆಹಣ್ಣು, ಲವಂಗದ ಪರಿಮಳ. ಅದಕ್ಕೆ ಬಾಳೆಹಣ್ಣೂ ಹಾಕಿಲ್ಲ, ಲವಂಗವೂ ಹಾಕಿಲ್ಲ. ಹುಳಿ ಬರಿಸುವ ಯೀಸ್ಟೇ ಆ ಪರಿಮಳ ಬಿಡುತ್ತದೆ. ನನ್ನ ಮೂಗಿಗೆ ಅದು ಕದಳಿ ಅಲ್ಲ, ಸ್ವಲ್ಪ ಜಾಸ್ತಿ ಹಣ್ಣಾದ ನೇಂದ್ರ. ಭಾವ ಒಂದು ಗುಟುಕು ಕುಡಿದು, ಗ್ಲಾಸನ್ನು ಲೈಟಿಗೆ ಹಿಡಿದು ನೋಡಿ, ‘ಇದು ಬಿಯರೋ, ಬಾಳೆಹಣ್ಣಿನ ರಸಾಯನವೋ ಮಾರಾಯ?’ ಎಂದರು. ಆಮೇಲೆ ಬೇರೆ ಯಾವುದನ್ನೂ ಮುಟ್ಟಲಿಲ್ಲ. ಬಂಗುಡೆ ಫ್ರೈ, ಕಾಣೆ ರವಾ ಫ್ರೈ ಜೊತೆ ಇದು ಚೆನ್ನಾಗಿ ಹೊಂದುತ್ತದೆ.

ಐಪಿಎ ಎಂದರೆ ಇಂಡಿಯಾ ಪೇಲ್ ಏಲ್. ಒಂದು ಕಾಲದಲ್ಲಿ ಇಲ್ಲಿದ್ದ ಬ್ರಿಟಿಷರಿಗಾಗಿ ಇಂಗ್ಲೆಂಡಿನಿಂದ ಹಡಗಿನಲ್ಲಿ ಬರುತ್ತಿದ್ದ, ಹಾಪ್ಸ್ ಜಾಸ್ತಿ ಹಾಕಿದ ಬಿಯರ್‌ನ ವಂಶ. ಕಹಿ. ಹಾಗಲಕಾಯಿ ಮೆಣಸ್ಕಾಯಿ ಕೇಳಿ ಬಡಿಸಿಕೊಳ್ಳುವವರಿಗೆ ಸರಿ, ಉಳಿದವರು ಒಂದು ಗುಟುಕು ನೋಡಿ ನಿರ್ಧರಿಸಿ. ಕಪ್ಪಗಿನ ಸ್ಟೌಟ್ ನೋಡಿ ಹೆದರುವವರು ಜಾಸ್ತಿ. ಬಣ್ಣ ಬರುವುದು ಕಾಫಿಬೀಜದ ಹಾಗೆ ಹುರಿದ ಬಾರ್ಲಿಯಿಂದ. ಕಪ್ಪು ಎಂದ ಮಾತ್ರಕ್ಕೆ ಅಮಲು ಜಾಸ್ತಿ ಅಲ್ಲ. ಅಮಲು ಎಷ್ಟು ಎಂದು ತಿಳಿಯಲು ಬಣ್ಣ ನೋಡಬೇಡಿ, ಹೆಸರಿನ ಪಕ್ಕದ ಶೇಕಡಾ ನೋಡಿ.

ಮೇಲೆ ಎರಡು ಬೆರಳು ನೊರೆ ಇದ್ದರೆ ‘ಮೋಸ’ ಎಂದು ಜಗಳಕ್ಕೆ ನಿಲ್ಲಬೇಡಿ. ಪರಿಮಳ ಮೂಗಿಗೆ ಬರುವುದು ಅದರಿಂದಲೇ. ಅರ್ಧ ಗ್ಲಾಸ್ ನೊರೆಯಾದರೆ ಮಾತ್ರ ಧಾರಾಳವಾಗಿ ಕೇಳಿ. ಐಸ್ ಹಾಕಿಸಬೇಡಿ, ದಯವಿಟ್ಟು.

ಎಷ್ಟು ಕುಡಿಯುವುದು

ಹೇಳಿದ ಲೆಕ್ಕ ಇಲ್ಲಿದೆ. 330 ಮಿಲಿಲೀಟರ್ ಪೈಂಟ್, ಶೇ 5ರ ಬಿಯರ್ ಎಂದರೆ ಅದರಲ್ಲಿ ಸುಮಾರು 13 ಗ್ರಾಂ ಆಲ್ಕೋಹಾಲ್. 60 ಕಿಲೋ ತೂಕದ ಗಂಡಸು ಇದನ್ನು ಬೇಗ ಬೇಗ ಕುಡಿದರೆ ರಕ್ತದಲ್ಲಿ ಹೆಚ್ಚು ಕಡಿಮೆ ಅದೇ 30 ಮಿಲಿಗ್ರಾಂನ ಗೆರೆ. ತೂಕ ಕಡಿಮೆ ಇದ್ದರೆ ಗೆರೆ ದಾಟಿದ ಹಾಗೇ. 500 ಮಿಲಿಲೀಟರ್ ಮಗ್ಗಿನಲ್ಲಿ 20 ಗ್ರಾಂ. ದೇಹ ಗಂಟೆಗೆ ಕರಗಿಸುವುದು 7ರಿಂದ 10 ಗ್ರಾಂ ಅಷ್ಟೇ. ಅಂದರೆ ಒಂದು ಮಗ್ಗಿಗೆ ಎರಡು ಗಂಟೆಗೂ ಜಾಸ್ತಿ. ಕಾಫಿ, ನಿಂಬೆರಸ, ತಣ್ಣೀರಿನ ಸ್ನಾನ ಯಾವುದೂ ಈ ವೇಗ ಹೆಚ್ಚಿಸುವುದಿಲ್ಲ. ಗ್ಲಾಸಿಗೊಂದು ಗ್ಲಾಸ್ ನೀರು ಕುಡಿಯಿರಿ. ನಮ್ಮ ಸೆಕೆಯಲ್ಲಿ ಬಾಯಾರಿಕೆಗೆ ಬಿಯರ್ ಕುಡಿದರೆ ಲೆಕ್ಕವೇ ತಪ್ಪುತ್ತದೆ, ಬಾಯಾರಿಕೆಗೆ ನೀರು ಇರಲಿ. ಗುಂಪಿನಲ್ಲಿ ‘ಈ ಸಲ ನಂದು, ಮುಂದಿನ ಸಲ ನಿಂದು’ ಎಂದು ಸುತ್ತು ಶುರುವಾದರೆ ಐದು ಜನ ಇದ್ದಲ್ಲಿ ಐದು ಸುತ್ತು ಖಂಡಿತ. ಅವರವರ ಕಾರ್ಡು ಅವರವರು ತಾಗಿಸಲಿ.

ರೈಲಿನಲ್ಲಿ ಬರುವಾಗ ಬಾಯಿ ಹಿಡಿತದಲ್ಲಿರಲಿ. ರೈಲಿನಲ್ಲಾಗಲಿ ಸ್ಟೇಷನ್ನಿನಲ್ಲಾಗಲಿ ಅಮಲಿನಲ್ಲಿ ಸಿಕ್ಕಿದರೆ ರೈಲ್ವೆ ಕಾಯಿದೆಯ 145ನೇ ಸೆಕ್ಷನ್ ಪ್ರಕಾರ ಇಳಿಸಿಬಿಡಬಹುದು, ಆರು ತಿಂಗಳವರೆಗೆ ಜೈಲೂ ಆಗಬಹುದು.

ಚೀಲದಲ್ಲಿ ಏನಿರಬಾರದು

‘ಅಣ್ಣನಿಗೆ ಒಂದು ಬಾಟಲಿ’ ಎಂದು ಕಟ್ಟಿಸಿಕೊಳ್ಳಬೇಡಿ. ಕರ್ನಾಟಕದಲ್ಲಿ ಮಾರಾಟಕ್ಕಿರುವ ಮದ್ಯವನ್ನು ಪರ್ಮಿಟ್ ಇಲ್ಲದೆ ಕೇರಳಕ್ಕೆ ತರುವಂತಿಲ್ಲ. ಮಂಜೇಶ್ವರದ ಅಬಕಾರಿ ಚೆಕ್‌ಪೋಸ್ಟಿನವರಿಗೆ ಬಸ್ಸು ಹತ್ತಿ ಚೀಲ ನೋಡುವುದು ದಿನದ ಕೆಲಸ.

ಆ ರಾತ್ರಿ ನಮ್ಮ ಬಸ್ಸಿಗೂ ಒಬ್ಬರು ಹತ್ತಿದರು. ಭಾವನ ತೊಡೆಯ ಮೇಲೆ ಪೇಪರಿನಲ್ಲಿ ಸುತ್ತಿದ ಒಂದು ಗಂಟು. ಡಿಪಾಸಿಟ್ ವಾಪಸ್ ಪಡೆಯಲು ಪುರುಸೊತ್ತಿಲ್ಲದೆ ಕೈಯಲ್ಲೇ ಉಳಿದ ಬಿಯರ್ ಗ್ಲಾಸು, 200 ರೂಪಾಯಿಯದ್ದು. ಅವರು ಪೇಪರು ಬಿಡಿಸಿದರು, ಗ್ಲಾಸನ್ನು ತಲೆಕೆಳಗೆ ಮಾಡಿದರು, ಒಂದು ಸಲ ಮೂಸಿದರು. ಭಾವನನ್ನೂ ಒಂದು ಸಲ ನೋಡಿದರು. ಮತ್ತೆ ಅದೇ ಪೇಪರಿನಲ್ಲಿ ನೀಟಾಗಿ ಸುತ್ತಿ ವಾಪಸ್ ಕೊಟ್ಟರು.

ಈಗ ಆ ಗ್ಲಾಸು ಉಪ್ಪಳದ ಮನೆಯಲ್ಲಿದೆ. ಹಿಡಿ ಗಟ್ಟಿ ಉಂಟು, ಕೈಜಾರುವುದಿಲ್ಲ ಎಂದು ಅತ್ತೆ ಅದರಲ್ಲಿ ಮಜ್ಜಿಗೆ ಕುಡಿಯುತ್ತಾರೆ.