‘ಹಶ್’ ನೋಡಿ ನಾನೂ ಮಾತಿಲ್ಲದ ಕಿರುಚಿತ್ರ ಮಾಡಿದೆ

ನಾನು ಬರೆಯುವ ಪಾತ್ರಗಳೆಲ್ಲ ಮಾತಿನ ಮಲ್ಲರು. ಹಸಿವಾದರೆ ‘ನನಗೆ ಹಸಿವಾಗ್ತಿದೆ’ ಅನ್ನುತ್ತಾರೆ. ಸಿಟ್ಟು ಬಂದರೆ ಯಾಕೆ ಬಂತು ಅಂತ ಅರ್ಧ ಪುಟ ವಿವರಿಸುತ್ತಾರೆ. ಮೂರು ಕಿರುಚಿತ್ರ ಹೀಗೇ ಆದವು. ಮೂರನೆಯದನ್ನು ನೋಡಿದ ಎಡಿಟರ್ ಗೆಳತಿ, “ಇದನ್ನ ಕಣ್ಣು ಮುಚ್ಕೊಂಡು ನೋಡಿದ್ರೂ ಎಲ್ಲಾ ಅರ್ಥ ಆಗತ್ತೆ ಕಣೋ” ಅಂದಳು. ಹೊಗಳಿದಳು ಅಂದುಕೊಂಡು ಎರಡು ದಿನ ಖುಷಿಯಾಗಿದ್ದೆ.

ಆಮೇಲೆ ಅವಳೇ ‘ಬಫಿ ದಿ ವ್ಯಾಂಪೈರ್ ಸ್ಲೇಯರ್’ನ ಒಂದು ಎಪಿಸೋಡ್ ನೋಡು ಅಂದಳು. 1997ರಿಂದ 2003ರವರೆಗೆ ಏಳು ಸೀಸನ್ ಓಡಿದ ಅಮೆರಿಕದ ಸೀರಿಯಲ್ ಅದು. ಬಫಿ ಅನ್ನೋ ಹುಡುಗಿಗೆ ಮನುಷ್ಯರಿಗೆ ಮೀರಿದ ಶಕ್ತಿ. ಹಗಲು ಕಾಲೇಜು, ರಾತ್ರಿ ರಕ್ತಪಿಶಾಚಿಗಳ ಬೇಟೆ. ನಾಲ್ಕನೇ ಸೀಸನ್ನಿನ ಹತ್ತನೇ ಎಪಿಸೋಡ್ ‘ಹಶ್’ 1999ರ ಡಿಸೆಂಬರ್ 14ರಂದು ಪ್ರಸಾರವಾಯಿತು. ಬರೆದು ನಿರ್ದೇಶಿಸಿದವರು ಸರಣಿಯನ್ನು ಹುಟ್ಟುಹಾಕಿದ ಜಾಸ್ ವೀಡನ್. ಎಲ್ಲರೂ ಈ ಸರಣಿಯ ಡೈಲಾಗನ್ನೇ ಹೊಗಳುತ್ತಿದ್ದರು. ಹಾಗಾದರೆ ಡೈಲಾಗನ್ನೇ ತೆಗೆದರೆ ಏನುಳಿಯುತ್ತದೆ ನೋಡೋಣ ಅಂತ ವೀಡನ್ ಹೊರಟರು. ಸುಮಾರು 44 ನಿಮಿಷದ ಎಪಿಸೋಡಿನಲ್ಲಿ ಮಾತಿರುವುದು ಹದಿನೇಳು ನಿಮಿಷದಷ್ಟು ಮಾತ್ರ. ತಮಾಷೆ ಏನೆಂದರೆ, ಇದರ ಬರವಣಿಗೆಗೂ ಎಮ್ಮಿ ಅನ್ನೋ ಟೀವಿ ಪ್ರಶಸ್ತಿಯ ನಾಮನಿರ್ದೇಶನ ಸಿಕ್ಕಿತು.

ಕತೆ ಚಿಕ್ಕದು. ಕಪ್ಪು ಸೂಟು, ಬೋಳುತಲೆ, ಲೋಹದ ಹಲ್ಲು, ಸದಾ ನಗುಮುಖ. ‘ಜೆಂಟಲ್‌ಮೆನ್’ ಅನ್ನೋ ಈ ಭೂತಗಳು ನೆಲಕ್ಕೆ ಕಾಲು ತಾಗಿಸದೆ ತೇಲಿಕೊಂಡು ಬರುತ್ತವೆ. ಒಂದೇ ರಾತ್ರಿಯಲ್ಲಿ ಊರಿನವರೆಲ್ಲರ ದನಿಯನ್ನೂ ಕದ್ದು ಪೆಟ್ಟಿಗೆಗೆ ತುಂಬಿಕೊಳ್ಳುತ್ತವೆ. ಅವಕ್ಕೆ ಏಳು ಜನರ ಹೃದಯ ಬೇಕು. ಸಾಯುವವರು ಕಿರುಚಲೂ ಆಗದ ಹಾಗೆ ಮೊದಲೇ ಬಾಯಿ ಕಟ್ಟುತ್ತವೆ. ಹಾಸ್ಟೆಲಿನಲ್ಲಿ ಒಬ್ಬ ಹುಡುಗನನ್ನು ಹಾಸಿಗೆಗೇ ಒತ್ತಿ ಹಿಡಿದಾಗ ಅವನು ಬಾಯಿ ಪೂರ್ತಿ ತೆರೆಯುತ್ತಾನೆ, ಏನೂ ಕೇಳುವುದಿಲ್ಲ. ಆ ಶಾಟ್ ನೋಡಿ ನಾನು ಟೀವಿ ವಾಲ್ಯೂಮ್ ಸರಿಯಿದೆಯಾ ಅಂತ ನೋಡಿದೆ. ಸುಳ್ಳಲ್ಲ.

ಮೊದಲ ಸಲ ಸುಮ್ನೆ ನೋಡಿದೆ. ಎರಡನೇ ಸಲ ನೋಟ್‌ಬುಕ್ ಇಟ್ಟುಕೊಂಡು ಕೂತೆ. ಪ್ರತಿ ಸೀನಿಗೂ ಒಂದು ಸಾಲು: ಈಗ ಯಾರಿಗೆ ಏನು ಬೇಕು, ಯಾವುದು ಅಡ್ಡ ಬರುತ್ತಿದೆ. ಹಾಗೆ ಬರೆಯುವಾಗಲೇ ಕಣ್ಣಿಗೆ ಬಿದ್ದದ್ದು ಇದು: ಮೊದಲ ಕಾಲು ಭಾಗದಲ್ಲಿ ಮಾತೇ ಮಾತು. ಆದರೆ ಯಾರ ಮಾತೂ ನಾಟುತ್ತಿಲ್ಲ. ಬಫಿ ಮತ್ತು ಅವಳು ಮೆಚ್ಚಿದ ಹುಡುಗ ರೈಲಿ ಮುತ್ತು ಕೊಡುವಷ್ಟು ಹತ್ತಿರ ಬಂದು ಏನೇನೋ ಬಡಬಡಿಸಿ ಕೆಡಿಸಿಕೊಳ್ಳುತ್ತಾರೆ. ಆನ್ಯಾ ತನ್ನ ಹುಡುಗ ಝ್ಯಾಂಡರ್‌ಗೆ ‘ನಿನಗೆ ನಾನು ಏನು?’ ಅಂತ ಕೇಳುತ್ತಾಳೆ, ಅವನ ಬಾಯಲ್ಲಿ ಉತ್ತರ ಬರುವುದಿಲ್ಲ. ಬಫಿಯ ಗೆಳತಿ ವಿಲೋ ಸೇರಿಕೊಂಡ ಮಾಟಗಾತಿಯರ ಗುಂಪಿನಲ್ಲಿ ಎಲ್ಲರೂ ಹರಟುತ್ತಾರೆ. ಮೂಲೆಯಲ್ಲಿ ಕೂತ ಟಾರಾ ಬಾಯಿ ತೆರೆಯಲು ಹೋಗಿ ತೊದಲಿ ಸುಮ್ಮನಾಗುತ್ತಾಳೆ.

ದನಿ ಹೋದಮೇಲೆ ಇವರೆಲ್ಲರ ಕೆಲಸ ಒಂದೊಂದಾಗಿ ಆಗುತ್ತದೆ. ಬಫಿ, ರೈಲಿ ಗಲಭೆಯ ಬೀದಿಯಲ್ಲಿ ಎದುರಾಗಿ ಮುತ್ತಿಕ್ಕುತ್ತಾರೆ. ವಿಲೋ, ಟಾರಾ ಕೈ ಹಿಡಿದುಕೊಂಡು, ಬರೀ ನೋಟದಿಂದ ತಂಪುಪಾನೀಯದ ಮಷೀನನ್ನು ಬಾಗಿಲಿಗೆ ಅಡ್ಡ ತಳ್ಳುತ್ತಾರೆ. ಅಂದರೆ ಆ ಮೌನಕ್ಕೆ ಬೇಕಾದ ಬಂಡವಾಳವನ್ನೆಲ್ಲ ಮೊದಲ ಹರಟೆಯಲ್ಲೇ ಕೂಡಿಟ್ಟಿದ್ದಾರೆ. ಇದು ಗೊತ್ತಾಗದೆ ನಾನು ಎರಡು ಡ್ರಾಫ್ಟ್ ಹಾಳು ಮಾಡಿದೆ.

ನನ್ನ ಕತೆ ಇಷ್ಟು. ಅಪ್ಪನಿಗೆ ಗಂಟಲಿನ ಆಪರೇಷನ್ ಆಗಿದೆ, ಹತ್ತು ದಿನ ಮಾತಾಡಬಾರದು. ಮಗಳಿಗೆ ದೂರದ ಊರಲ್ಲಿ ಕೆಲಸ ಸಿಕ್ಕಿದೆ, ಅದನ್ನು ಅವಳಿನ್ನೂ ಹೇಳಿಲ್ಲ. ಅಪ್ಪನ ಕೈಗೆ ಒಂದು ಸ್ಲೇಟು ಕೊಟ್ಟೆ. ಮೊದಲ ಡ್ರಾಫ್ಟ್ ಎಂಟು ಪುಟ ಬಂತು. ಎಣಿಸಿದರೆ ಅಪ್ಪ ಹತ್ತೊಂಬತ್ತು ಸಲ ಸ್ಲೇಟಿನಲ್ಲಿ ಬರೆಯುತ್ತಾನೆ. ಮತ್ತದೇ ಡೈಲಾಗ್, ಬಾಯಿಯ ಬದಲು ಬಳಪ ಅಷ್ಟೇ.

ಎರಡನೆಯದರಲ್ಲಿ ಸ್ಲೇಟು ಕಿತ್ತುಕೊಂಡು ಸನ್ನೆ ಹಾಕಿದೆ. ಗೆಳೆಯರಿಬ್ಬರು ಓದಿ ನಟಿಸಿ ತೋರಿಸಿದರು. ನೋಡುತ್ತಿದ್ದ ಉಳಿದವರು “ನಿದ್ದೆ! ಅಲ್ಲ, ದಿಂಬು! ಮಾತ್ರೆ!” ಅಂತ ಕೂಗಲು ಶುರು ಮಾಡಿದರು. ದುಃಖದ ಸೀನು ಪಾರ್ಟಿ ಆಟ ಆಗಿಹೋಯಿತು.

ಆಗ ಮತ್ತೆ ‘ಹಶ್’ಗೆ ಹೋದೆ. ಅಲ್ಲೂ ಬೇಕಾದಷ್ಟು ಸನ್ನೆಯಿದೆ, ಕತ್ತಿಗೆ ನೇತುಹಾಕಿಕೊಂಡ ಬಿಳಿ ಬೋರ್ಡೂ ಇದೆ. ಅಲ್ಲಿ ಯಾಕೆ ಬೇಸರ ಬರಲ್ಲ? ಓವರ್‌ಹೆಡ್ ಪ್ರೊಜೆಕ್ಟರ್ ಸೀನನ್ನು ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ಬಫಿಯ ಮಾರ್ಗದರ್ಶಿ ಗೈಲ್ಸ್ ಲೆಕ್ಚರ್ ಹಾಲಿನಲ್ಲಿ ನಿಂತು, ಸಾಂ-ಸಾನ್ಸ್ ಅವರ ‘ದಾನ್ಸ್ ಮಕಾಬ್ರ್’ ಸಂಗೀತ ಹಾಕಿ, ತಾನೇ ಬರೆದ ರಕ್ತಸಿಕ್ತ ಚಿತ್ರಗಳ ಹಾಳೆಗಳನ್ನು ಒಂದೊಂದಾಗಿ ಇಡುತ್ತಾನೆ. ಆನ್ಯಾ ಪಾಪ್‌ಕಾರ್ನ್ ತಿನ್ನುತ್ತಾ ನೋಡುತ್ತಾಳೆ. ಆ ಭೂತಗಳನ್ನು ಕೊಲ್ಲುವುದು ಹೇಗೆ ಅನ್ನೋ ಮಾತು ಬಂದಾಗ ಬಫಿ ಮುಷ್ಟಿ ಹಿಡಿದು ಮೇಲೆ ಕೆಳಗೆ ಆಡಿಸುತ್ತಾಳೆ. ಅವಳು ಕೇಳುತ್ತಿರುವುದು ಗೂಟದಿಂದ ಚುಚ್ಚಿದರೆ ಹೇಗೆ ಅಂತ. ನೋಡಿದವರಿಗೆ ಬೇರೇನೋ ಅರ್ಥವಾಗಿ ಮಿಕಿಮಿಕಿ ನೋಡುತ್ತಾರೆ. ಅವಳು ಬ್ಯಾಗಿನಿಂದ ಗೂಟ ತೆಗೆದು ಅದೇ ಸನ್ನೆ ಮತ್ತೆ ಮಾಡುತ್ತಾಳೆ.

ನನ್ನ ಡ್ರಾಫ್ಟಿನಲ್ಲಿ ಪ್ರತಿ ಸನ್ನೆಯೂ ಎದುರಿನವರಿಗೆ ಸರಿಯಾಗಿ ತಲುಪುತ್ತಿತ್ತು. ಇಲ್ಲಿ ತಪ್ಪಾಗಿ ತಲುಪುತ್ತದೆ. ಮಜಾ ಇರುವುದೇ ಆ ತಪ್ಪಿನಲ್ಲಿ. ಲಿಫ್ಟಿನ ಸೀನೂ ಹಾಗೇ. ರೈಲಿ ಕೆಲಸ ಮಾಡುವ ಗುಪ್ತ ಪ್ರಯೋಗಾಲಯದ ಲಿಫ್ಟು ದನಿ ಕೇಳಿದರೆ ಮಾತ್ರ ನಡೆಯುತ್ತದೆ, ಅವನಿಗೋ ದನಿಯೇ ಇಲ್ಲ. ಕೊನೆಗೆ ಬಾಗಿಲು ತೆರೆದಾಗ ಎದುರಿಗೆ ನಿಂತ ಮೇಲಧಿಕಾರಿ ಸುಮ್ಮನೆ ಒಂದು ಫಲಕದ ಕಡೆ ಬೆರಳು ತೋರಿಸುತ್ತಾಳೆ: ತುರ್ತು ಸಮಯದಲ್ಲಿ ಮೆಟ್ಟಿಲು ಬಳಸಿ.

ಮೂರನೇ ಡ್ರಾಫ್ಟಿಗೆ ಕೂತಾಗ ಸ್ಲೇಟನ್ನು ವಾಪಸ್ ತಂದೆ, ಆದರೆ ಅಪ್ಪ ಬರೆದದ್ದನ್ನು ಮಗಳು ಒಮ್ಮೆಯೂ ಪೂರ್ತಿ ಓದುವಂತಿಲ್ಲ ಅಂತ ನಿಯಮ ಹಾಕಿಕೊಂಡೆ. ಶುರುವಿನಲ್ಲಿ, ಆಪರೇಷನ್ನಿಗೆ ಮುಂಚಿನ ಒಂದೂವರೆ ನಿಮಿಷ, ಇಬ್ಬರೂ ಕಿತ್ತಾಡಲಿ ಅಂತ ಬಿಟ್ಟೆ. ಮಾತ್ರೆ ಡಬ್ಬಿ ಎಲ್ಲಿ, ಫ್ಯಾನ್ ಯಾಕೆ ಹಾಕಿದೆ, ಇಂಥವೇ. ಕೆಲಸದ ವಿಷಯ ಮಾತ್ರ ಬಾಯಿಗೆ ಬರುವುದಿಲ್ಲ. ಮಗಳಿಗೆ ಗಂಟಲು ಸರಿಯಾಗೇ ಇದೆಯಲ್ಲ, ಅವಳ್ಯಾಕೆ ಮಾತಾಡಲ್ಲ ಅಂತ ಗೆಳತಿ ಕೇಳಿದಳು. ಮಾತು ನಿಂತವರ ಜೊತೆ ಎರಡು ದಿನ ಇದ್ದು ನೋಡಿ, ನಾವೂ ತಾನಾಗೇ ಪಿಸುಗುಡಲು ಶುರು ಮಾಡುತ್ತೇವೆ. ಆಮೇಲೆ ಅದೂ ನಿಲ್ಲುತ್ತದೆ. ಮಗಳನ್ನೂ ಹಾಗೇ ಮೆಲ್ಲಗೆ ಸುಮ್ಮನಾಗಿಸಿದೆ.

ಮುಖ್ಯ ಸೀನು ಹೀಗೆ ಬಂತು. ಹಾಸಿಗೆ ಸರಿಮಾಡುವಾಗ ಅವಳ ಕೆಲಸದ ಪತ್ರ ಅಪ್ಪನ ದಿಂಬಿನ ಕೆಳಗೆ ಸಿಗುತ್ತದೆ. ಅವಳು ಎರಡು ಮಡಿಕೆ ಹಾಕಿ ಬಚ್ಚಿಟ್ಟದ್ದು, ಈಗ ನಾಲ್ಕು ಮಡಿಕೆಯಾಗಿದೆ. ತಿರುಗಿ ನೋಡಿದರೆ ಅಪ್ಪ ಸ್ಲೇಟಿನಲ್ಲಿ ಬರೆಯುತ್ತಿದ್ದಾನೆ. ಅವಳು ಹತ್ತಿರ ಬರುವಷ್ಟರಲ್ಲಿ ತೋಳಿನಿಂದ ಒರೆಸಿಬಿಡುತ್ತಾನೆ. ಉಳಿದದ್ದು ‘ಹೋಗ’ ಅನ್ನೋ ಎರಡಕ್ಷರ. ಅದರ ಮುಂದೆ ಬರೀ ಬಿಳಿ ಮಸುಕು. ಅದು ‘ಹೋಗಮ್ಮ’ ಇರಬಹುದು, ‘ಹೋಗಬೇಡ’ ಇರಬಹುದು. ಎಂಟು ಪುಟ ಡೈಲಾಗ್ ಬರೆದರೂ ನನಗೆ ಇಷ್ಟು ದಕ್ಕಿರಲಿಲ್ಲ.

ಶೂಟಿಂಗಿನಲ್ಲಿ ಗೋಳು ಕೊಟ್ಟದ್ದು ಸದ್ದು. ‘ಹಶ್’ನಲ್ಲಿ ಕ್ರಿಸ್ಟಫ್ ಬೆಕ್ ಅವರ ಸಂಗೀತ ಮಾತಿನ ಜಾಗ ತುಂಬುತ್ತದೆ. ನನಗೆ ಸಂಗೀತಗಾರರೂ ಇಲ್ಲ, ದುಡ್ಡೂ ಇಲ್ಲ. ಡೈಲಾಗ್ ಇಲ್ಲದ ಕಡೆ ಬಟ್ಟೆ ಸರಸರ ಅಂದರೂ ಗುಡುಗಿದ ಹಾಗೆ ಕೇಳುತ್ತದೆ. ಬೇಕಾದ ಬಳಪದ ಸದ್ದು ಮಾತ್ರ ಕ್ಯಾಮೆರಾದ ಮೈಕಿಗೆ ಸಿಗಲೇ ಇಲ್ಲ. ಕೊನೆಗೆ ಕಾಲರ್ ಮೈಕನ್ನು ಸ್ಲೇಟಿನ ಹಿಂದೆ ಟೇಪು ಹಾಕಿ ಅಂಟಿಸಿ, ಆ ಸದ್ದನ್ನು ಬೇರೆಯಾಗಿ ರೆಕಾರ್ಡ್ ಮಾಡಿದೆವು. ಒರೆಸುವ ಸದ್ದಿಗೇ ಹನ್ನೊಂದು ಟೇಕ್.

ಕೊನೆಯ ಸೀನಿನಲ್ಲಿ ಮತ್ತೆ ಎಡವಿದೆ. ‘ಹಶ್’ನಲ್ಲಿ ರೈಲಿ ಆ ಪೆಟ್ಟಿಗೆ ಒಡೆದಾಗ ಎಲ್ಲರಿಗೂ ದನಿ ಬರುತ್ತದೆ, ಬಫಿ ಕಿರುಚಿದಾಗ ಭೂತಗಳ ತಲೆ ಸಿಡಿಯುತ್ತದೆ. ಆಮೇಲೆ ರೈಲಿ ಅವಳ ರೂಮಿಗೆ ಬಂದು ‘ನಾವು ಮಾತಾಡಬೇಕು’ ಅನ್ನುತ್ತಾನೆ. ಅವಳೂ ಹೌದನ್ನುತ್ತಾಳೆ. ಇಬ್ಬರೂ ಬಾಯಿ ಬಿಡದೆ ಕೂರುತ್ತಾರೆ. ಅಷ್ಟಕ್ಕೇ ಮುಗಿಯಿತು. ನಾನು ಅದನ್ನೇ ಸ್ವಲ್ಪ ಬಣ್ಣ ಬದಲಿಸಿ ಎತ್ತಿಕೊಂಡಿದ್ದೆ: ಹತ್ತನೇ ದಿನ, ಅಪ್ಪನಿಗೆ ಮಾತಾಡಬಹುದು ಅಂತ ಡಾಕ್ಟರ್ ಹೇಳಿದ್ದಾರೆ, ಇಬ್ಬರೂ ಸುಮ್ಮನೆ ಕೂತಿದ್ದಾರೆ. ಎಡಿಟಿಂಗ್ ಟೇಬಲ್ಲಿನಲ್ಲಿ ಗೆಳತಿ ನನ್ನ ಮುಖ ನೋಡಿದಳು. ಏನೂ ಅನ್ನಲಿಲ್ಲ. ನಾನೇ ಆ ಸೀನು ಕಿತ್ತುಹಾಕಿಸಿದೆ. ಈಗ ಹತ್ತನೇ ದಿನ ಬರುವುದೇ ಇಲ್ಲ. ಆರನೇ ದಿನ ಮಗಳು ಸ್ಲೇಟನ್ನು ತೊಳೆದು, ಒರೆಸದೆ ಹಾಗೇ ಒದ್ದೆಯಾಗಿ ಅಪ್ಪನ ಪಕ್ಕ ಇಡುತ್ತಾಳೆ. ಒಣಗುವ ತನಕ ಅದರ ಮೇಲೆ ಬಳಪ ಹಿಡಿಯುವುದಿಲ್ಲ.