ಮಳೆಗಾಲ ಕಳೆದ ಮೇಲೆ ನಡುಗಿದ ಪುಷ್ಪಕ್

ದೀಪಾವಳಿ ಮುಗಿದ ವಾರ. ಮಳೆ ಪೂರ್ತಿ ನಿಂತಿತ್ತು. ಐದು ತಿಂಗಳಿಂದ ಶೆಡ್ಡಿನಲ್ಲೇ ಇದ್ದ ಪುಷ್ಪಕ್ ವಿಮಾನವನ್ನು ಅಡಿಕೆ ಒಣಗಿಸುವ ಅಂಗಳಕ್ಕೆ ತಳ್ಳಿಕೊಂಡು ಬಂದೆವು. ಚಕ್ರಕ್ಕೆ ಮರದ ದಿಮ್ಮಿ ಕೊಟ್ಟು, ಬಾಲವನ್ನು ಹಲಸಿನ ಮರಕ್ಕೆ ಹಗ್ಗದಿಂದ ಬಿಗಿದೆವು. ತಂಗಿಯ ಮಗ ಒಳಗೆ ಕೂತ. ನಾನು ಪ್ರೊಪೆಲ್ಲರ್ ತಿರುವಿದೆ. ಮೂರನೇ ಸಲಕ್ಕೆ ಇಂಜಿನ್ ಹಿಡಿಯಿತು. 900 ಆರ್‌ಪಿಎಂನಲ್ಲಿ ಏನೂ ತೊಂದರೆ ಇಲ್ಲ. 1,800ಕ್ಕೆ ಏರಿಸಿದ್ದೇ ತಡ, ಹುಡುಗ ಒಳಗಿಂದ ಕೂಗಿದ: "ಮಾವ, ಕಾಲೆಲ್ಲ ಜುಮ್ ಅಂತಿದೆ!" ಗೇಜಿನ ಮುಳ್ಳುಗಳು ಓದಲಾಗದ ಹಾಗೆ ಕುಣಿಯುತ್ತಿದ್ದವು. ಮೇ ತಿಂಗಳಲ್ಲಿ ಓಡಿಸಿದಾಗ ಹೀಗಿರಲಿಲ್ಲ.

ಪುಷ್ಪಕ್ ಅಂದರೆ ಎಚ್‌ಎಎಲ್ ಮಾಡಿದ ಎರಡು ಸೀಟಿನ ವಿಮಾನ. ಮೊದಲು ಹಾರಿದ್ದು 1958ರಲ್ಲಿ. ಕಾಂಟಿನೆಂಟಲ್ ಸಿ90 ಇಂಜಿನ್, ನಾಲ್ಕು ಸಿಲಿಂಡರ್, 90 ಅಶ್ವಶಕ್ತಿ. ಸ್ಟಾರ್ಟರ್ ಇಲ್ಲ, ಕೈಯಲ್ಲೇ ತಿರುವಬೇಕು. ನಾನು ಇಂಜಿನ್ ಫಿಟ್ಟರ್ ಆಗಿ ನಿವೃತ್ತನಾದವನು. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಇದನ್ನು ರಿಪೇರಿ ಮಾಡಿಟ್ಟಿರುವುದು ನೆಲದ ಮೇಲೆ ಇಂಜಿನ್ ಓಡಿಸಿ ತೋರಿಸಲಿಕ್ಕೆ ಮಾತ್ರ. ಹಾರಿಸುವ ವಿಮಾನವಾಗಿದ್ದರೆ ಮುಂದೆ ಹೇಳುವ ಕೆಲಸಕ್ಕೆಲ್ಲ ಲೈಸೆನ್ಸ್ ಇರುವವರ ಸಹಿ ಬೇಕು.

ಫಿಟ್ಟರ್ ಬುದ್ಧಿ, ಮೊದಲು ಅನುಮಾನ ಹೋಗಿದ್ದು ಇಂಜಿನ್ ಮೇಲೆ. ಪ್ಲಗ್‌ಗಳಿಗೆ ಕಿಡಿ ಕೊಡುವ ಮ್ಯಾಗ್ನೆಟೊ ಎರಡಿರುತ್ತವೆ; ಒಂದೊಂದರ ಮೇಲೇ ಓಡಿಸಿ ನೋಡಿದೆ. ಒಂದರಲ್ಲಿ ಆರ್‌ಪಿಎಂ 60 ಇಳಿಯಿತು, ಇನ್ನೊಂದರಲ್ಲಿ 150. ಎರಡೂ ಹೆಚ್ಚುಕಮ್ಮಿ ಒಂದೇ ಥರ ಇಳಿಯಬೇಕು. ಕೆಟ್ಟ ಮ್ಯಾಗ್ನೆಟೊ ಮೇಲೇ ಒಂದು ನಿಮಿಷ ಓಡಿಸಿ ನಿಲ್ಲಿಸಿದೆ. ಕೂಡಲೇ ನಾಲ್ಕೂ ಎಕ್ಸಾಸ್ಟ್ ಪೈಪಿಗೆ, ದೋಸೆ ಕಾವಲಿಗೆ ಚಿಮುಕಿಸುವ ಹಾಗೆ ನೀರು ಚಿಮುಕಿಸಿದೆ. ಮೂರರಲ್ಲಿ ಚುಂಯ್ ಅಂತು. ಒಂದರಲ್ಲಿ ನೀರು ಸುಮ್ನೆ ಇಳಿದುಹೋಯಿತು, ಅಂದರೆ ಆ ಸಿಲಿಂಡರ್ ಉರಿಯದೆ ತಣ್ಣಗಿತ್ತು. ಆ ಸಿಲಿಂಡರಿನ ಕೆಳಗಿನ ಪ್ಲಗ್ ಬಿಚ್ಚಿದರೆ ಎಣ್ಣೆಯಲ್ಲಿ ತೊಯ್ದಿತ್ತು. ಸ್ವಚ್ಛ ಮಾಡಿ, ಗ್ಯಾಪ್ ಸರಿಮಾಡಿ ಹಾಕಿದೆ. ಮ್ಯಾಗ್ನೆಟೊ ಸರಿಹೋಯಿತು. ನಡುಕ ಹೋಗಲಿಲ್ಲ.

ಆಮೇಲೆ ಇಂಜಿನ್ ಮೌಂಟಿನ ರಬ್ಬರ್ ನೋಡಿದೆ. ಒಣಗಿದ ಅಡಿಕೆ ಥರ ಗಟ್ಟಿಯಾಗಿತ್ತು. ಹೊಸದು ತರಿಸಿ ಹಾಕುವುದಕ್ಕೆ ಎರಡು ವಾರ ಹೋಯಿತು. ಸ್ವಲ್ಪ ಕಮ್ಮಿಯಾಯಿತು, ಅಷ್ಟೇ.

ಕೊನೆಗೆ ಹುಡುಗನೇ ಫೋನನ್ನು ಪ್ಯಾನೆಲ್‌ಗೆ ಟೇಪ್ ಹಾಕಿ ಅಂಟಿಸಿದ. ಕಂಪನ ಅಳೆಯುವ ಆ್ಯಪ್ ಅಂತೆ. 1,800 ಆರ್‌ಪಿಎಂ ಅಂದರೆ ಸೆಕೆಂಡಿಗೆ 30 ಸುತ್ತು. ಗ್ರಾಫಿನಲ್ಲಿ ಎದ್ದು ಕಾಣುವ ಗೆರೆ ಇದ್ದದ್ದೂ 30ರಲ್ಲೇ. ಫೋರ್ ಸ್ಟ್ರೋಕ್ ಇಂಜಿನ್‌ನಲ್ಲಿ ಒಂದು ಸಿಲಿಂಡರ್ ಎರಡು ಸುತ್ತಿಗೆ ಒಮ್ಮೆ ಉರಿಯುತ್ತದೆ. ಸಿಲಿಂಡರ್ ಕೈಕೊಟ್ಟಿದ್ದರೆ ಗೆರೆ 15ರಲ್ಲಿ ಏಳಬೇಕಿತ್ತು. ಸುತ್ತಿಗೊಂದು ಏಟು ಬೀಳುತ್ತಿದೆ ಅಂದರೆ ತಿರುಗುವುದರಲ್ಲೇ ಎಲ್ಲೋ ತೂಕ ಹೆಚ್ಚಾಗಿದೆ. ವೇಗ ಎರಡು ಪಟ್ಟಾದರೆ ಆ ಎಳೆತ ನಾಲ್ಕು ಪಟ್ಟಾಗುತ್ತದೆ. 900ರಲ್ಲಿ ಸುಮ್ಮನಿದ್ದದ್ದು 1,800ರಲ್ಲಿ ಕುಣಿದದ್ದು ಅದಕ್ಕೇ. ಇದನ್ನು ಮೊದಲ ದಿನವೇ ಮಾಡಿದ್ದರೆ ಎರಡು ವಾರ ಉಳಿಯುತ್ತಿತ್ತು ಅಲ್ವಾ! ಹುಡುಗ ಹಾಗಂತ ಬಾಯಿಬಿಟ್ಟು ಹೇಳಲಿಲ್ಲ, ನಕ್ಕ.

ನಮ್ಮದು ಮರದ ಪ್ರೊಪೆಲ್ಲರ್. ಸ್ವಿಚ್ ಆಫ್ ಮಾಡಿ, ಪ್ಲಗ್‌ಗಳನ್ನು ತೆಗೆದು ಟ್ರ್ಯಾಕ್, ಅಂದರೆ ಎರಡೂ ಬ್ಲೇಡಿನ ತುದಿ ಒಂದೇ ಜಾಡಿನಲ್ಲಿ ತಿರುಗುತ್ತದೆಯೇ ಅಂತ ನೋಡಿದೆ. ಒಂದು ಬ್ಲೇಡಿನ ತುದಿಗೆ ತಾಗುವ ಹಾಗೆ ಹಲಗೆ ನಿಲ್ಲಿಸಿ, ಗುರುತು ಹಾಕಿ, ಇನ್ನೊಂದನ್ನು ಅಲ್ಲಿಗೆ ತಂದರೆ ವ್ಯತ್ಯಾಸ 2 ಮಿಲಿಮೀಟರ್. ಮರದ್ದಕ್ಕೆ ಎಂಟನೇ ಒಂದು ಇಂಚು, ಅಂದರೆ 3 ಮಿಲಿಮೀಟರ್ ತನಕ ನಡೆಯುತ್ತದೆ. ಸರಿ, ಬಿಚ್ಚಿದೆ. ಶಿವಮೊಗ್ಗದ ಲೇತ್ ಶಾಪಿನಲ್ಲಿ ನಡುವಿನ ತೂತಿಗೆ ಸರಿಯಾಗಿ ಒಂದು ಶಾಫ್ಟ್ ಮಾಡಿಸಿದೆ. ರಸಮಟ್ಟ ಇಟ್ಟು ಎರಡು ಕಬ್ಬಿಣದ ಪಟ್ಟಿಗಳನ್ನು ಸಮ ಮಾಡಿ, ಅವುಗಳ ಅಂಚಿನ ಮೇಲೆ ಶಾಫ್ಟ್ ಕೂರಿಸಿದೆ. ಹೇಗೆ ಬಿಟ್ಟರೂ ಒಂದೇ ಬ್ಲೇಡ್ ಕೆಳಗೆ ಇಳಿಯುತ್ತಿತ್ತು. ಮೇಲಿನದರ ತುದಿಗೆ ಐದು ರೂಪಾಯಿಯ ಎರಡು ನಾಣ್ಯ ಅಂಟಿಸಿದ ಮೇಲೆ ನಿಂತಿತು. ಎರಡೂ ಸೇರಿ 12 ಗ್ರಾಂ. ಮಧ್ಯದಿಂದ 90 ಸೆಂಟಿಮೀಟರ್ ದೂರದಲ್ಲಿ, 1,800 ಆರ್‌ಪಿಎಂನಲ್ಲಿ ಅದು ಸುಮಾರು 40 ಕೆಜಿ ಎಳೆತ!

ಅಟ್ಟದ ಕೆಲಸಕ್ಕೆ ಬಂದಿದ್ದ ಆಚಾರ್ರು ಬಗ್ಗಿ ನೋಡಿದರು. ಭಾರದ ಬ್ಲೇಡಿನ ತುದಿಯಲ್ಲಿ ಕೆಸರು ಸಿಡಿದ ಕಲೆ ಇತ್ತು. "ಗೌಡ್ರೇ, ಮಳೆಗಾಲದಲ್ಲಿ ಇದನ್ನ ನೆಟ್ಟಗೆ ನಿಲ್ಸಿದ್ರಾ?" ಅಂದರು. ಹೌದು. ಶೆಡ್ಡು ಕಿರಿದು, ಅಡ್ಡ ಇಟ್ಟರೆ ಓಡಾಡಲಿಕ್ಕಾಗುವುದಿಲ್ಲ ಅಂತ ನೆಟ್ಟಗೆ ನಿಲ್ಲಿಸಿದ್ದೆ. "ಆಷಾಢದಲ್ಲಿ ನಿಮ್ಮನೆ ಬಾಗ್ಲು ಹಿಡಿಯೋದಿಲ್ವಾ? ಇದೂ ಮರ ತಾನೇ" ಅಂದರು. ಮರದ ಪ್ರೊಪೆಲ್ಲರ್ ನೆಟ್ಟಗೆ ಇದ್ದರೆ ತೇವವೆಲ್ಲ ಕೆಳಗಿನ ಬ್ಲೇಡಿಗೆ ಇಳಿಯುತ್ತದೆ. ನನಗೆ ಗೊತ್ತಿಲ್ಲದ ಮಾತಲ್ಲ ಅದು. ಮಾಡಿರಲಿಲ್ಲ, ಅಷ್ಟೇ.

ಇನ್ನೂ ನಾಚಿಕೆಯ ಸಂಗತಿ ಇದೆ. ತುದಿಯ ಹಿತ್ತಾಳೆ ತಗಡಿನಲ್ಲಿ ಸೂಜಿ ಮೊನೆಯಷ್ಟು ಸಣ್ಣ ತೂತುಗಳಿರುತ್ತವೆ. ತಿರುಗುವಾಗ ಒಳಗಿನ ತೇವ ಅಲ್ಲಿಂದ ಹೊರಗೆ ಚಿಮ್ಮಬೇಕು. ಏಪ್ರಿಲ್‌ನಲ್ಲಿ ಹೊಳಪು ಬರಲಿ ಅಂತ ಎರಡು ಕೋಟು ವಾರ್ನಿಶ್ ಬಳಿದವನು ನಾನೇ. ಅಷ್ಟೂ ತೂತು ಮುಚ್ಚಿಹೋಗಿದ್ದವು.

ತೂತು ಬಿಡಿಸಿದೆ. ಒಲೆಯ ಮೇಲಿನ ಅಟ್ಟದಲ್ಲಿಟ್ಟರೆ ಬೇಗ ಒಣಗುತ್ತೆ ಅಂತ ಮನೆಯವಳು ಹೇಳಿದಳು. ಏಕಾಏಕಿ ಒಣಗಿದರೆ ಪದರಗಳ ಅಂಟು ಬಿಡುತ್ತದೆ, ಬೇಡ ಅಂದೆ. ಗಾಳಿಯಾಡುವ ಜಗಲಿಯಲ್ಲಿ ಅಡ್ಡ ಮಲಗಿಸಿ, ವಾರಕ್ಕೊಮ್ಮೆ ಪಟ್ಟಿಯ ಮೇಲೆ ಇಟ್ಟು ನೋಡುತ್ತಿದ್ದೆ. ಆರು ವಾರಕ್ಕೆ ಎರಡು ನಾಣ್ಯ ಒಂದಕ್ಕೆ ಇಳಿಯಿತು, ಆಮೇಲೆ ಅಲ್ಲೇ ನಿಂತಿತು. ಉಳಿದ ವ್ಯತ್ಯಾಸಕ್ಕೆ ಹಗುರ ಬ್ಲೇಡಿನ ತಗಡಿನ ಮೇಲೆ ತುಸು ಬೆಸುಗೆ ಹಾಕಿ, ಅರದಲ್ಲಿ ಉಜ್ಜಿ ಸಮ ಮಾಡಿದೆ. ಬೋಲ್ಟ್‌ಗಳನ್ನು ಟಾರ್ಕ್ ರೆಂಚಿನಲ್ಲಿ ಬಿಗಿದು, ಒಮ್ಮೆ ಓಡಿಸಿ, ಮತ್ತೆ ನೋಡಿದೆ.

ಸಂಕ್ರಾಂತಿ ಕಳೆದ ಮೇಲೆ ಸ್ಟಾರ್ಟ್ ಮಾಡಿದಾಗ 30ರ ಗೆರೆ ಹುಡುಕಬೇಕಾಯಿತು. ಈಗ ಪ್ರೊಪೆಲ್ಲರ್ ಅಡ್ಡವೇ ಇರುತ್ತದೆ. ಶೆಡ್ಡಿಗೆ ಹೋದವರ ಹಣೆಗೆ ಬಡಿಯುತ್ತದೆ ಅಂತ ಎರಡೂ ತುದಿಗೆ ಕೆಂಪು ಬಟ್ಟೆ ಕಟ್ಟಿದ್ದೇನೆ. ಆದರೂ ನನಗೇ ಎರಡು ಸಲ ಬಡಿದಿದೆ.