ಬೇಸಿಗೆ ಸಂಜೆಯ ತಾರಸಿ ಕೂಟ: ಮೊದಲು ನೆಲ ತಣಿಯಲಿ, ಆಮೇಲೆ ಊಟ

ಸಂಜೆ ತಾರಸಿಯ ಮೇಲೆ ಹತ್ತು ಹನ್ನೆರಡು ಜನರನ್ನು ಕರೆಯಬೇಕೆಂದರೆ ಎಲ್ಲರೂ ಮೊದಲು ಯೋಚಿಸುವುದು ತಿಂಡಿಯ ಬಗ್ಗೆ. ಬೇಸಿಗೆ ಕೂಟ ಕೆಡುವುದು ಮಾತ್ರ ಹೆಚ್ಚಾಗಿ ಕಾಲಡಿಯ ಕಾವಿನಿಂದ. ಹಗಲಿಡೀ ಬಿಸಿಲು ಹೀರಿಕೊಂಡ ಕಾಂಕ್ರೀಟು ಹೊತ್ತು ಮುಳುಗಿದ ಮೇಲೂ ಗಂಟೆಗಟ್ಟಲೆ ಶಾಖ ಬಿಡುತ್ತಲೇ ಇರುತ್ತದೆ. ಮೇಲೆ ಗಾಳಿ ತಂಪಾಗಿ ಬೀಸುತ್ತಿದ್ದರೂ ಕೂತವರಿಗೆ ಕೆಳಗಿನಿಂದ ಬಿಸಿ ಹೊಡೆಯುತ್ತದೆ. ಆದ್ದರಿಂದ ಅರ್ಧ ತಯಾರಿ ನೆಲಕ್ಕೇ ಸಲ್ಲಬೇಕು.

ನೆರಳು ಕಟ್ಟುವುದು ಬೆಳಿಗ್ಗೆಯೇ

ಶೇಡ್ ನೆಟ್ ಅನ್ನು ಸಂಜೆ ನಾಲ್ಕಕ್ಕೆ ಕಟ್ಟಿದರೆ ಹೆಚ್ಚು ಪ್ರಯೋಜನವಿಲ್ಲ. ಅಷ್ಟು ಹೊತ್ತಿಗೆ ನೆಲ ಕಾದು ಮುಗಿದಿರುತ್ತದೆ. ಬೆಳಿಗ್ಗೆ ಹತ್ತರೊಳಗೆ ಕಟ್ಟಿ. ಶೇಕಡಾ 50, 75, 90ರಷ್ಟು ನೆರಳು ಕೊಡುವ ನೆಟ್‌ಗಳು ಸಿಗುತ್ತವೆ. ಕೂರುವ ಜಾಗಕ್ಕೆ 75ರದ್ದು ಸರಿಹೊಂದುತ್ತದೆ: ಬಿಸಿಲು ತಡೆಯುತ್ತದೆ, ಗಾಳಿಯನ್ನೂ ಬಿಡುತ್ತದೆ. ಟಾರ್ಪಾಲು ಬೇಡವೇ ಬೇಡ. ಅದರಡಿ ಬಿಸಿಗಾಳಿ ಮೇಲೇರಲು ದಾರಿಯಿಲ್ಲದೆ ಅಲ್ಲೇ ನಿಲ್ಲುತ್ತದೆ.

ನೆಟ್ ನೆಲದಿಂದ ಎರಡೂವರೆ ಮೀಟರ್ ಎತ್ತರದಲ್ಲಿರಲಿ. ಅಂಚಿನುದ್ದಕ್ಕೂ ಮೀಟರಿಗೊಂದರಂತೆ ಹಗ್ಗ ಕಟ್ಟಿ. ನಾಲ್ಕೇ ಮೂಲೆಗೆ ಬಿಗಿದರೆ ಗಾಳಿಗೆ ಉಬ್ಬಿ ಮೂಲೆಯಲ್ಲೇ ಹರಿಯುತ್ತದೆ. ನೀರಿನ ಪೈಪಿಗಾಗಲಿ ಡಿಶ್ ಆಂಟೆನಾಗಾಗಲಿ ಹಗ್ಗ ಕಟ್ಟಬೇಡಿ. ಒಂದು ಜೋರು ಗಾಳಿಗೆ ಪೈಪಿನ ಜೋಡಣೆ ಬಿಟ್ಟುಕೊಳ್ಳುತ್ತದೆ. ಪಶ್ಚಿಮದ ಕಡೆ ನೆಟ್ ಅನ್ನು ಒಂದು ಮೀಟರಿನಷ್ಟು ಕೆಳಕ್ಕೆ ಇಳಿಬಿಟ್ಟರೆ ಸಂಜೆಯ ಓರೆ ಬಿಸಿಲೂ ತಪ್ಪುತ್ತದೆ.

ನೀರು ಎಷ್ಟು, ಯಾವಾಗ

ನೀರು ನೆಲವನ್ನು ತಣಿಸುವುದು ತಾನು ತಣ್ಣಗಿರುವುದರಿಂದಲ್ಲ, ಆವಿಯಾಗುವುದರಿಂದ. ಒಂದು ಲೀಟರ್ ನೀರು ಆವಿಯಾಗುವಾಗ ಸುಮಾರು 2,400 ಕಿಲೋಜೂಲ್ ಶಾಖ ಎಳೆದುಕೊಳ್ಳುತ್ತದೆ. ಅದೇ ನೀರು ಹತ್ತು ಡಿಗ್ರಿ ಬಿಸಿಯಾಗಲು ಹೀರುವುದು ಬರೀ 42. ಆದ್ದರಿಂದ ಟ್ಯಾಂಕಿನ ನೀರು ಕಾದಿದೆಯೆಂದು ಚಿಂತೆ ಬೇಡ, ಅದೇ ಸಾಕು.

ಒಂದು ಚದರ ಮೀಟರಿಗೆ ಒಂದು ಲೀಟರ್ ಲೆಕ್ಕ ಹಿಡಿಯಿರಿ. ಐದು ಮೀಟರ್‌ಗೆ ನಾಲ್ಕು ಮೀಟರ್ ಜಾಗಕ್ಕೆ 20 ಲೀಟರ್, ಅಂದರೆ ದೊಡ್ಡದೊಂದು ಬಕೆಟ್. ಇಷ್ಟನ್ನೂ ಒಮ್ಮೆಗೇ ಸುರಿದರೆ ಅರ್ಧ ನೀರು ಹರಿದು ಮೋರಿ ಸೇರುತ್ತದೆ. ಸೂರ್ಯಾಸ್ತಕ್ಕೆ ಎರಡು ಗಂಟೆ ಮೊದಲು ಮೂರನೇ ಒಂದು ಪಾಲನ್ನು ತೆಳ್ಳಗೆ ಚಿಮುಕಿಸಿ. ಅದು ಪೂರ್ತಿ ಒಣಗಿದ ಮೇಲೆ ಇನ್ನೊಂದು ಪಾಲು, ಅದೂ ಒಣಗಿದ ಮೇಲೆ ಕೊನೆಯದು. ಅತಿಥಿಗಳು ಬರುವ ಅರ್ಧ ಗಂಟೆ ಮೊದಲೇ ನೆಲ ಒಣಗಿರಬೇಕು. ಬಾಗಿಲು ತಟ್ಟುವ ಹೊತ್ತಿಗೆ ನೀರು ಹಾಕಿದರೆ ನೆಲ ಜಾರುತ್ತದೆ, ಎದ್ದ ಆವಿಯಿಂದ ಸೆಕೆ ಹೆಚ್ಚುತ್ತದೆ.

ಗಾಳಿಯಲ್ಲಿ ಮೊದಲೇ ತೇವ ತುಂಬಿರುವ ಕಡೆ ಈ ಉಪಾಯ ಅಷ್ಟಾಗಿ ಫಲಿಸುವುದಿಲ್ಲ, ನೀರು ಬೇಗ ಆವಿಯಾಗುವುದೇ ಇಲ್ಲ. ಅಂಥಲ್ಲಿ ನೆರಳು ಮತ್ತು ಫ್ಯಾನುಗಳನ್ನೇ ನೆಚ್ಚಿಕೊಳ್ಳಬೇಕು.

ಕುರ್ಚಿ ಯಾವ ಗೋಡೆಯ ಬಳಿ

ಇದನ್ನು ಗಮನಿಸುವವರು ಕಡಿಮೆ. ಮಧ್ಯಾಹ್ನದ ಮೇಲಿನ ಬಿಸಿಲು ಪಶ್ಚಿಮದಿಂದ ಬಂದು ಪೂರ್ವದ ಪ್ಯಾರಾಪೆಟ್ ಗೋಡೆಯ ಒಳಮೈಗೆ ನೇರ ಬೀಳುತ್ತದೆ. ಸಂಜೆ ಏಳಕ್ಕೆ ಆ ಗೋಡೆಗೆ ಅಂಗೈ ಇಟ್ಟು ನೋಡಿ, ಗೊತ್ತಾಗುತ್ತದೆ. ಕುರ್ಚಿಗಳನ್ನು ಅದರಿಂದ ಒಂದು ಮೀಟರಾದರೂ ದೂರ ಇಡಿ. ನೆಲಕ್ಕೆ ಚಿಮುಕಿಸುವಾಗ ಆ ಗೋಡೆಗೂ ಎರಡು ಚೊಂಬು ನೀರು ಎರಚಿ. ಪ್ಲಾಸ್ಟಿಕ್ ಮತ್ತು ಕಬ್ಬಿಣದ ಕುರ್ಚಿಗಳನ್ನು ಹಗಲು ಮನೆಯೊಳಗೇ ಇಟ್ಟುಕೊಂಡು ಕೊನೆಗೆ ಮೇಲಕ್ಕೆ ತನ್ನಿ. ನೆಲದ ಮೇಲೆ ಕೂರುವುದಾದರೆ ಚಾಪೆಯ ಮೇಲೆ ದಪ್ಪ ಹತ್ತಿ ಜಮಖಾನ ಹಾಸಿ.

ಐಸಿನ ಲೆಕ್ಕ

ಬೇಸಿಗೆ ಕೂಟದಲ್ಲಿ ತಪ್ಪದೆ ಸಾಲದೆ ಬರುವ ಸಾಮಾನೆಂದರೆ ಐಸು. ಒಂದು ಲೀಟರ್ ನೀರನ್ನು 30 ಡಿಗ್ರಿಯಿಂದ 5 ಡಿಗ್ರಿಗೆ ಇಳಿಸಲು ಸುಮಾರು 300 ಗ್ರಾಂ ಐಸು ಕರಗಬೇಕು. ಟಬ್ಬಿನಿಂದ, ಗಾಳಿಯಿಂದ ಸೇರುವ ಶಾಖವನ್ನೂ ಹಿಡಿದರೆ ಲೀಟರಿಗೆ ಅರ್ಧ ಕಿಲೋ ಎಂದಿಟ್ಟುಕೊಳ್ಳಿ. ಹನ್ನೆರಡು ಜನ, ಮೂರು ಗಂಟೆ, ಹತ್ತು ಲೀಟರ್ ಬಾಟಲಿಗಳು ಎಂದಾದರೆ ಬಾಟಲಿ ತಣಿಸಲು 5 ಕಿಲೋ, ಲೋಟಗಳಿಗೆ 3 ಕಿಲೋ, ಒಟ್ಟು 8 ಕಿಲೋ ಬೇಕು. ಬಾಟಲಿಗಳನ್ನು ಹಿಂದಿನ ರಾತ್ರಿಯೇ ಫ್ರಿಜ್‌ನಲ್ಲಿ ಇಟ್ಟಿದ್ದರೆ ತಂಪು ಉಳಿಸಿಕೊಳ್ಳಲು 2 ಕಿಲೋ ಸಾಕು. ಆಗ ಒಟ್ಟು 5 ಕಿಲೋದಲ್ಲಿ ಮುಗಿಯುತ್ತದೆ.

ಮನೆಯ ಒಂದು ಐಸ್ ಟ್ರೇಯಲ್ಲಿ ಸಿಗುವುದು ಕಾಲು ಕಿಲೋ ಆಸುಪಾಸು. ಅಂದರೆ ಒಂದೇ ದಿನದಲ್ಲಿ ಆಗುವ ಕೆಲಸವಲ್ಲ. ಮೂರು ದಿನ ಮೊದಲೇ ಶುರುಮಾಡಿ. ಗಟ್ಟಿಯಾದದ್ದನ್ನು ಬಾಯಿ ಕಟ್ಟಿದ ಚೀಲಕ್ಕೆ ಹಾಕಿ ಫ್ರೀಜರ್‌ನಲ್ಲೇ ಇಡುತ್ತಾ ಹೋಗಿ. ಚೀಲದ ಬಾಯಿ ಬಿಗಿಯಾಗಿರಲಿ, ಇಲ್ಲದಿದ್ದರೆ ಐಸಿಗೆ ಫ್ರಿಜ್‌ನ ವಾಸನೆ ಹಿಡಿಯುತ್ತದೆ. ಬಾಟಲಿ ತಣಿಸಲು ಲೀಟರ್ ಡಬ್ಬಿಯಲ್ಲಿ ದೊಡ್ಡ ಗಡ್ಡೆ ಮಾಡಿಕೊಳ್ಳಿ, ಅದು ನಿಧಾನ ಕರಗುತ್ತದೆ. ನೀರು ಹೆಪ್ಪುಗಟ್ಟುವಾಗ ಹಿಗ್ಗುವುದರಿಂದ ಡಬ್ಬಿಯನ್ನು ಅಂಚಿನವರೆಗೆ ತುಂಬಬೇಡಿ.

ಟಬ್ಬಿಗೆ ಬರೀ ಐಸು ಹಾಕುವುದು ಇನ್ನೊಂದು ತಪ್ಪು. ಗಡ್ಡೆಗಳ ನಡುವೆ ಗಾಳಿ ಇರುತ್ತದೆ, ಬಾಟಲಿಗೆ ತಾಗುವುದು ಅಲ್ಲೊಂದು ಇಲ್ಲೊಂದು ಮೂಲೆ. ಐಸು ಮುಳುಗುವಷ್ಟು ನೀರು ಸೇರಿಸಿ, ಆಗ ಬಾಟಲಿಯ ಸುತ್ತಲೂ ತಂಪು ತಾಗುತ್ತದೆ. ತೀರಾ ಅವಸರವಿದ್ದರೆ 5 ಕಿಲೋ ಐಸಿಗೆ ಕಾಲು ಕಿಲೋ ಉಪ್ಪು ಹಾಕಿ ಕಲಕಿ. ಟಬ್ಬಿನ ನೀರು ಸೊನ್ನೆ ಡಿಗ್ರಿಗಿಂತ ತುಸು ಕೆಳಗಿಳಿಯುತ್ತದೆ. ಟಬ್ಬಿನ ಐಸನ್ನು ಯಾರೂ ಲೋಟಕ್ಕೆ ಹಾಕಿಕೊಳ್ಳದಂತೆ ನೋಡಿಕೊಳ್ಳಿ. ಕುಡಿಯುವ ಐಸು ಕಾಯಿಸಿ ಆರಿಸಿದ ನೀರಿನದ್ದಾಗಿರಲಿ, ಬೇರೆ ಮುಚ್ಚಿದ ಡಬ್ಬಿಯಲ್ಲಿರಲಿ. ಜೊತೆಗೊಂದು ಇಕ್ಕಳ ಇಡಿ, ಕೈ ಹಾಕುವುದು ಬೇಡ.

ಕೊನೆಯ ಲೋಟವೂ ಸಪ್ಪೆಯಾಗದ ಶರಬತ್ತು

ನಿಂಬೆ ಶರಬತ್ತನ್ನು ದೊಡ್ಡ ಪಾತ್ರೆಯಲ್ಲಿ ಕಲಸಿ ಐಸು ಸುರಿದಿಟ್ಟರೆ ಮೊದಲ ಲೋಟ ಚೆನ್ನ, ಅರ್ಧ ಗಂಟೆಯ ನಂತರದ್ದು ನೀರು ನೀರು. ಐಸು ಲೋಟಕ್ಕೆ ಮಾತ್ರ ಬೀಳಬೇಕು. 24 ಲೋಟಕ್ಕೆ ಅಳತೆ ಹೀಗೆ: ನಿಂಬೆರಸ 360 ಮಿ.ಲೀ., ಸಕ್ಕರೆ ಪಾಕ 600 ಮಿ.ಲೀ., ತಣ್ಣೀರು 2.9 ಲೀಟರ್, ಒಂದೂವರೆ ಚಮಚ ಉಪ್ಪು.

ಪಾಕಕ್ಕೆ 400 ಗ್ರಾಂ ಸಕ್ಕರೆಯನ್ನು 400 ಮಿ.ಲೀ. ನೀರಿನಲ್ಲಿ ಬಿಸಿಮಾಡಿ, ಕರಗಿದ ಕೂಡಲೇ ಇಳಿಸಿ. ಎಳೆ ಬರುವವರೆಗೆ ಕುದಿಸುವ ಅಗತ್ಯವಿಲ್ಲ. ತಣ್ಣೀರಿಗೆ ನೇರ ಸಕ್ಕರೆ ಹಾಕಿದರೆ ಬೇಗ ಕರಗದೆ ತಳದಲ್ಲೇ ಕೂರುತ್ತದೆ. ನಿಂಬೆಹಣ್ಣನ್ನು ಅದೇ ಮಧ್ಯಾಹ್ನ ಹಿಂಡಿ, ಸಿಪ್ಪೆ ಕಿವುಚುವಷ್ಟು ಒತ್ತಬೇಡಿ. ಸಿಪ್ಪೆಯಿಂದಲೂ ಬೀಜದಿಂದಲೂ ಕಹಿ ಇಳಿಯುತ್ತದೆ. ಎಲ್ಲ ಬೆರೆಸಿ ಫ್ರಿಜ್‌ನಲ್ಲಿಟ್ಟು, ತಣ್ಣಗಾದ ಮೇಲೆ ರುಚಿ ನೋಡಿ. ತಣ್ಣಗಿರುವಾಗ ನಾಲಿಗೆಗೆ ಸಿಹಿ ಕಡಿಮೆ ತಿಳಿಯುತ್ತದೆ, ಬಿಸಿಯಲ್ಲಿ ಸರಿಯೆನಿಸಿದ್ದು ಆಮೇಲೆ ಸಾಲದು. ಐಸಿಲ್ಲದೆ ಕುಡಿದಾಗ ಒಂಚೂರು ಗಾಢ ಎನಿಸಿದರೆ ಹದ ಸರಿಯಾಗಿದೆ. ಪ್ರತಿ ಲೋಟಕ್ಕೆ 160 ಮಿ.ಲೀ. ಶರಬತ್ತು, ಮೇಲೆ ಮೂರು ನಾಲ್ಕು ಐಸು ತುಂಡು.

ಶರಬತ್ತು ಎಷ್ಟೇ ಇರಲಿ, ತಲೆಗೆ ಮುಕ್ಕಾಲು ಲೀಟರಿನಂತೆ ಬರೀ ಕುಡಿಯುವ ನೀರು ಕೈಗೆಟುಕುವಲ್ಲಿರಲಿ. ವಯಸ್ಸಾದವರು ಬಾಯಾರಿದರೂ ಕೇಳುವುದಿಲ್ಲ, ಮಕ್ಕಳು ಆಟದಲ್ಲಿ ಮರೆಯುತ್ತಾರೆ. ಇಬ್ಬರಿಗೂ ನೀವೇ ಕೊಂಡೊಯ್ದು ಕೊಡಬೇಕು.

ತಿಂಡಿ ಹೊರಗಿಡುವ ಹೊತ್ತು

ಬೇಯಿಸಿದ ಪದಾರ್ಥ, ಹೆಚ್ಚಿದ ಹಣ್ಣು, ಹಾಲು ಮೊಸರಿನ ತಿನಿಸು ಫ್ರಿಜ್‌ನಿಂದಾಚೆ ಎರಡು ಗಂಟೆ ಮೀರಬಾರದು. ಸುತ್ತಲಿನ ಕಾವು 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ. ಬೇಸಿಗೆಯಲ್ಲಿ ಕೆಟ್ಟ ಹೊಟ್ಟೆಗೆ ಬಹಳ ಸಲ ಕಾರಣ ಈ ಗಡುವು ಮೀರಿದ ಬಟ್ಟಲೇ. ದೊಡ್ಡ ಪಾತ್ರೆಯನ್ನು ಮೇಜಿನ ಮೇಲಿಡದೆ ಚಿಕ್ಕ ಬಟ್ಟಲುಗಳಲ್ಲಿ ಬಡಿಸಿ, ಖಾಲಿಯಾದಾಗ ಒಳಗಿನಿಂದ ಹೊಸದಾಗಿ ತುಂಬಿ ತನ್ನಿ. ಅರ್ಧ ಖಾಲಿಯಾದ ಬಟ್ಟಲಿನ ಮೇಲೇ ಸುರಿಯಬೇಡಿ; ಅಡಿಯಲ್ಲಿ ಉಳಿದದ್ದು ಎಷ್ಟು ಹೊತ್ತಿನದೆಂದು ಲೆಕ್ಕವೇ ತಪ್ಪುತ್ತದೆ.

ಸೊಳ್ಳೆ, ದೀಪ, ವೈರು

ಸೊಳ್ಳೆ ಬತ್ತಿಗಿಂತ ಫ್ಯಾನು ಮೇಲು. ಸೊಳ್ಳೆಯ ಹಾರಾಟ ಬಹಳ ದುರ್ಬಲ, ಜೋರು ಗಾಳಿಗೆ ಎದುರಾಗಿ ಬರಲಾರದು. ಅದು ಜನರನ್ನು ಪತ್ತೆಹಚ್ಚುವುದು ಮುಖ್ಯವಾಗಿ ಉಸಿರಿನ ಜಾಡು ಹಿಡಿದು. ಫ್ಯಾನು ಆ ಜಾಡನ್ನೂ ಚದುರಿಸುತ್ತದೆ. ಪೆಡೆಸ್ಟಲ್ ಫ್ಯಾನ್ ಎರಡಿದ್ದರೆ ಎದುರುಬದುರು ಮೂಲೆಯಲ್ಲಿಟ್ಟು, ಒಂದರ ಗಾಳಿಯಾದರೂ ಕಾಲಿನ ಮಟ್ಟಕ್ಕೆ ಬೀಸುವಂತೆ ಬಗ್ಗಿಸಿ. ಹೂಕುಂಡದ ತಟ್ಟೆ, ಕೂಲರ್, ಹಳೆಯ ಬಕೆಟ್‌ಗಳ ನೀರನ್ನು ಕೂಟದ ದಿನ ಚೆಲ್ಲಿದರೆ ತಡವಾಯಿತು. ಮೊಟ್ಟೆ ಸೊಳ್ಳೆಯಾಗಲು ಸುಮಾರು ಒಂದರಿಂದ ಒಂದೂವರೆ ವಾರ ಬೇಕು, ಹಾಗಾಗಿ ಚೆಲ್ಲುವ ಕೆಲಸ ವಾರವಾರವೂ ಆಗಬೇಕು.

ಬಿಳಿ, ನೀಲಿ ಛಾಯೆಯ ದೀಪಕ್ಕೆ ಹುಳು ಹೆಚ್ಚು ಮುತ್ತುತ್ತವೆ. ಊಟದ ಜಾಗಕ್ಕೆ 2700 ಕೆಲ್ವಿನ್‌ನ ಹಳದಿ ಬೆಳಕಿನ ಎಲ್‌ಇಡಿ ಹಾಕಿ, ಆರೇಳು ಮೀಟರ್ ದೂರದ ಮೂಲೆಯಲ್ಲಿ ಒಂದು ಬಿಳಿ ದೀಪ ಉರಿಸಿಡಿ. ಹುಳುಗಳು ಅತ್ತ ಹೋಗುತ್ತವೆ.

ವೈರಿನ ವಿಷಯದಲ್ಲಿ ಮಾತ್ರ ಯಾವ ರಾಜಿಯೂ ಸಲ್ಲದು. ನೆಲದಲ್ಲಿ ತೇವ ಉಳಿದಿರಬಹುದು, ಜನ ಬರಿಗಾಲಿನಲ್ಲಿರುತ್ತಾರೆ. ಎಕ್ಸ್‌ಟೆನ್ಷನ್ ಬೋರ್ಡನ್ನು ನೆಲದ ಮೇಲಿಡದೆ ಗೋಡೆಗೆ ನೇತುಹಾಕಿ, ವೈರು ನಡೆದಾಡುವ ದಾರಿಗೆ ಅಡ್ಡ ಹಾಯದಿರಲಿ. ಟೇಪು ಸುತ್ತಿದ ಹಳೆಯ ವೈರು ಬಳಸಬೇಡಿ. ವಿದ್ಯುತ್ ತೆಗೆದುಕೊಳ್ಳುವ ಸಾಲಿಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ವಿದ್ಯುತ್ ಸೋರಿದ ಕೂಡಲೇ ತಾನಾಗಿ ಬಿದ್ದು ಕರೆಂಟು ಕಡಿಯುವ ಸ್ವಿಚ್ಚು) ಇದೆಯೇ ಎಂದು ಮೊದಲೇ ನೋಡಿ, ಅದರ ಟೆಸ್ಟ್ ಗುಂಡಿ ಒತ್ತಿ. ಕೂಡಲೇ ಬೀಳದಿದ್ದರೆ ಎಲೆಕ್ಟ್ರಿಷಿಯನ್ ಬಂದು ಸರಿಮಾಡುವವರೆಗೆ ತಾರಸಿಗೆ ಕರೆಂಟು ಬೇಡ, ಬ್ಯಾಟರಿ ದೀಪ ಸಾಕು.

ಎಲ್ಲರೂ ಹೊರಟ ಮೇಲೆ ನೆಟ್ ಅನ್ನು ಅದೇ ರಾತ್ರಿ ಬಿಚ್ಚಿಡಿ, ಬೇಸಿಗೆಯ ಗಾಳಿಮಳೆ ಹೇಳಿಕೇಳಿ ಬರುವುದಿಲ್ಲ. ಟಬ್ಬಿನಲ್ಲಿ ಉಳಿದ ನೀರನ್ನು ಗಿಡಗಳಿಗೆ ಹಾಕಬಹುದು. ಉಪ್ಪು ಬೆರೆಸಿದ್ದರೆ ಮಾತ್ರ ಮೋರಿಗೇ ಸುರಿಯಿರಿ, ಆ ನೀರಿಗೆ ಕುಂಡದ ಗಿಡ ಸುಟ್ಟುಹೋಗುತ್ತದೆ.